ಹನುಮಂತಯ್ಯನವರ ಪುಸ್ತಕದ ಸೊನ್ನೆಗಳು

ನನ್ನ ಗಂಡನ ಹೆಸರು ಹನುಮಂತಯ್ಯ. ಬಾಯಲ್ಲಿ ಹೇಳುವ ರೂಢಿಯಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ಅಜ್ಜಂಪುರದ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದರು. ಹಗಲು ದನದ ಕಾಲು ಹಿಡಿಯುವುದು, ಸಂಜೆ ಹಾರ್ಮೋನಿಯಂ. ಬುದ್ಧ ಪೂರ್ಣಿಮೆಗೆಂದು ಹನ್ನೊಂದು ಪದ ಕಟ್ಟಿದ್ದರು. ಹೋದ ಶ್ರಾವಣದಲ್ಲಿ ಎದೆನೋವು ಅಂದರು. ಕಡೂರು ಆಸ್ಪತ್ರೆ ತಲುಪುವ ಮೊದಲೇ ಮುಗಿಯಿತು.

ಈ ಸಲ ತರೀಕೆರೆಯಲ್ಲಿ ಪೂರ್ಣಿಮೆಗೆ ಆ ಪದಗಳನ್ನೇ ಹಾಡುತ್ತೇವೆ ಎಂದು ಅವರ ಹಾಡಿನ ಮೇಳದವರು ಹೇಳಿದರು. ನನ್ನವರು ಹಾಡಿದ ಹಾಗೇ ಬರಬೇಕು ಅನ್ನುವುದೊಂದೇ ನನ್ನ ಆಸೆ. ತಂಗಿ ಮಗಳು ತ್ರಿವೇಣಿ ಕೀಬೋರ್ಡ್ ನುಡಿಸುತ್ತಾಳೆ. ಎಲ್ಲರ ಮೊಬೈಲಿಗೂ ಹೋಗಲಿ ಎಂದು ನನ್ನವರ ಪದದ ಪುಸ್ತಕ ನೋಡಿ ಟೈಪ್ ಮಾಡಲು ಬಂದಳು. ಜೊತೆಗೆ ಮೇಳದಲ್ಲಿ ಡೋಲಕ್ ಬಾರಿಸುವ ಈರಪ್ಪ ಬಂದ.

ಪುಸ್ತಕದಲ್ಲಿ ಹೀಗಿತ್ತು:

[ಬಿ೧]ಕೊಡ ಇಳಿಸೇ [ಬಿ೪]ಅಕ್ಕ, ಬಾವಿ ಈಗ [೦]ನಮ್ದು

ಬಿ೧ ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ಒಂದನೇ ಮನೆ. ಆ ಮಾತು ಬಂದಾಗ ಬೆರಳು ಆ ಮನೆಯ ಮೇಲೆ ಇಳಿಯಬೇಕು.

"ದೊಡ್ಡಮ್ಮ, ನಾವು ಮೊಬೈಲಲ್ಲೂ ಹಿಂಗೇ ಬರಿಯೋದು ಕಣಮ್ಮ! ದೊಡ್ಡಪ್ಪಂಗೆ ಯಾರು ಹೇಳ್ಕೊಟ್ರು?" ಎಂದಳು ತ್ರಿವೇಣಿ.

ಬಿಳಿ ಒಂದಕ್ಕೆ ಸಿ, ನಾಲ್ಕಕ್ಕೆ ಎಫ್ ಎಂದು ಬದಲಾಯಿಸಿದಳು. ಮೊಬೈಲಲ್ಲಿ ಒಂದು ಗುಂಡಿ ಒತ್ತಿದಳು. ಕಂಸದೊಳಗಿದ್ದದ್ದು ಮಾತಿನ ನೆತ್ತಿಯ ಮೇಲೆ ಹೋಗಿ ಕೂತಿತು. ನಾಲ್ಕನೇ ಕ್ಲಾಸು ಓದಿದ ನನಗೂ ಅರ್ಥವಾಯಿತು. ಇನ್ನೊಂದು ಸಲ ಮಾಡಿಸಿ ನೋಡಿದೆ.

ಸೊನ್ನೆ ಮಾತ್ರ ಅವಳಿಗೂ ಗೊತ್ತಾಗಲಿಲ್ಲ. ಹನ್ನೊಂದು ಪದದಲ್ಲೂ ಇತ್ತು.

"ಟೀ ಲೋಟ ಇಟ್ಟಿರೋ ಗುರ್ತು ಕಣೇ," ಎಂದ ಈರಪ್ಪ.

"ಇಷ್ಟು ಸಣ್ಣ ಲೋಟದಲ್ಲಿ ಇರುವೆ ಕುಡಿತದಾ, ಮಾವ?"

"ಹಂಗಾರೆ ಬಿಟ್ಬಿಡು. ಯಾರು ಕೇಳ್ತಾರೆ?"

"ನಾನು ಕೇಳ್ತೀನಿ," ಎಂದೆ.

ನನ್ನವರು ಹೋದ ಮೇಲೆ ಪೆಟ್ಟಿಗೆ ತೆಗೆದಿರಲಿಲ್ಲ. ಅವತ್ತು ತೆಗೆದು ಕೊಟ್ಟೆ. ತ್ರಿವೇಣಿ ತಿದಿ ಹಾಕಿದಳು. ಕೊಡ ಇಳಿಸೇ, ಸರಿ ಬಂತು. ಅಕ್ಕ, ಅದೂ ಬಂತು. ಸೊನ್ನೆಯ ಹತ್ತಿರ ನಿಂತಳು.

"ಇಲ್ಲಿ ಬಿಳಿ ಆರು ಬರ್ಬೇಕು, ದೊಡ್ಡಮ್ಮ. ಇನ್ಯಾವುದೂ ಕೂರಲ್ಲ."

ಒತ್ತಿದಳು. ದನಿ ಬರಲಿಲ್ಲ. ಉಸ್ ಎಂದು ಗಾಳಿ ಬಂತು, ಅಷ್ಟೇ. ಎರಡು ಸಲ ಒತ್ತಿದಳು. ಈರಪ್ಪ ಬಗ್ಗಿ ಕಿವಿ ಇಟ್ಟ.

"ಈ ಮನೆ ಸತ್ತೋಗಿದೆ ಕಣ್ರೀ," ಎಂದ. "ನಾನು ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತಿದ್ದೀನಿ, ಗೊತ್ತೇ ಆಗ್ಲಿಲ್ಲವಲ್ಲ!"

ನನಗೆ ಆಗ ಹೊಳೆಯಿತು. 'ನಮ್ದು' ಬಂದಾಗೆಲ್ಲ ಅವರು ಪೆಟ್ಟಿಗೆಯಿಂದ ಕೈ ಎತ್ತಿ, ಕತ್ತು ಮೇಲೆ ಮಾಡಿ ಜೋರಾಗಿ ದನಿ ಎಳೆಯುತ್ತಿದ್ದರು. "ಯಾಕ್ರೀ ಕೋಣ ಅರಚ್ದಂಗೆ ಅರಚ್ತೀರಾ, ಮೆರೆಯೋದು ಸಾಕು" ಎಂದು ನಾನು ಎಷ್ಟೋ ಸಲ ಅಂದಿದ್ದೇನೆ. ನಗುತ್ತಿದ್ದರು. ಪೆಟ್ಟಿಗೆ ಕೆಟ್ಟಿದೆ ಎಂದು ಒಂದು ದಿನವೂ ಹೇಳಲಿಲ್ಲ. ಆ ಮನೆಯ ಕೆಲಸವನ್ನು ಗಂಟಲಿಗೆ ಕೊಟ್ಟಿದ್ದರು.

ತ್ರಿವೇಣಿ ಮತ್ತೆ ಮೊಬೈಲ್ ಎತ್ತಿಕೊಂಡಳು.

"ಈಗೇನು ಮಾಡ್ಲಿ?" ತ್ರಿವೇಣಿ ಕೇಳಿದಳು. "ನನ್ನ ಕೀಬೋರ್ಡಲ್ಲಿ ಆ ಮನೆ ಚೆನ್ನಾಗೇ ಇದೆ. ಬರಿಲಾ, ಖಾಲಿ ಬಿಡ್ಲಾ?"

"ಖಾಲಿ ಬಿಟ್ಟು ಎಲ್ರೂ ಕೂಗೋಣ ಬಿಡಿ, ಅಣ್ಣನ ನೆನಪಿಗೆ," ಎಂದ ಈರಪ್ಪ.

ಹಾಗೇ ಬರಬೇಕು ಅಂದವಳು ನಾನೇ. ಯೋಚಿಸಿದೆ. ಅವರು ಬೇಕೆಂದು ಬಿಟ್ಟ ಜಾಗ ಅದಲ್ಲ. ಪೆಟ್ಟಿಗೆ ಸರಿಯಿದ್ದಿದ್ದರೆ ಅವರೇ ಒತ್ತುತ್ತಿದ್ದರು.

"ಬರಿ," ಎಂದೆ. "ಅವ್ರಷ್ಟು ಗಂಟ್ಲು ನಿಮ್ಮಲ್ಲಿ ಯಾರಿಗೂ ಇಲ್ಲ."

ಸೊನ್ನೆಗಳ ಮೇಲೆ ನಾನು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅವಳು ಒಂದೊಂದು ಕಡೆಯೂ ಬಿಳಿ ಆರಕ್ಕೆ ಎ ಎಂದು ಬರೆದಳು.