ಆಯಿ ಆರಿಸಿದ ಗಾಡಿ

ನಮ್ಮ ಆಯಿಯ ಎಡಸೊಂಟದ ಮೇಲೆ ಅಂಗೈ ಅಗಲದ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ನೊಗ ತಿಕ್ಕಿ ತಿಕ್ಕಿ ಎತ್ತಿನ ಹೆಗಲ ಮೇಲೆ ಆಗುತ್ತದಲ್ಲ, ಹಾಗೆ. ಆಯಿಯ ಸೊಂಟಕ್ಕೆ ತಿಕ್ಕಿದ್ದು ನಾನು. ಆಯಿ ಎಂದರೆ ನಮ್ಮ ಅಪ್ಪನ ಅವ್ವ. ಎರಡನೆಯ ವರ್ಷದಲ್ಲಿ ಜ್ವರ ಬಂದು ನನ್ನ ಎರಡೂ ಕಾಲು ಬತ್ತಿಹೋದ ಮೇಲೆ ಅವಳು ನನ್ನನ್ನು ಎತ್ತಿ ಆ ಸೊಂಟದ ಮೇಲೆ ಇಟ್ಟುಕೊಂಡಳು. ಕೊಟ್ಟಿಗೆಗೆ ಹೋದರೂ, ಬಾವಿಗೆ ಹೋದರೂ, ಮಠಕ್ಕೆ ಹೋದರೂ ನಾನು ಅಲ್ಲಿಯೇ ಇರುತ್ತಿದ್ದೆ.

ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಇಂದಿಗೂ ವಯಸ್ಸಾದವರು ಯಾರಾದರೂ ಸಿಕ್ಕರೆ ಇದನ್ನೇ ಹೇಳುತ್ತಾರೆ. "ನಿಮ್ಮ ಆಯಿ ನಿನ್ನ ಹೊತ್ತಂಗ ಹೆತ್ತವ್ವನೂ ಹೊರಂಗಿಲ್ಲವಾ." ನಾನು ಹೌದೆಂದು ತಲೆಯಾಡಿಸುತ್ತೇನೆ. ಹೊತ್ತದ್ದು ಸುಳ್ಳಲ್ಲ. ಆದರೆ ಯಾಕೆ ಹೊತ್ತಳು, ಹೊತ್ತು ನನ್ನನ್ನು ಎಲ್ಲಿಗೆ ಮುಟ್ಟಿಸಿದಳು ಎಂದು ಅವರಾರೂ ಕೇಳುವುದಿಲ್ಲ.

ಅವಳ ದಿನ ಶುರುವಾಗುತ್ತಿದ್ದುದು ನನ್ನ ಕಾಲುಗಳಿಂದ. ಬಚ್ಚಲ ಒಲೆಯ ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿತ್ತು. ನನ್ನನ್ನು ತನ್ನ ಚಾಚಿದ ಕಾಲುಗಳ ಮೇಲೆ ಅಡ್ಡ ಮಲಗಿಸಿಕೊಂಡು, ಕುಸುಬಿ ಎಣ್ಣೆ ಬಿಸಿ ಮಾಡಿ, ತೊಡೆಯಿಂದ ಹಿಮ್ಮಡಿಯವರೆಗೆ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ನನ್ನ ಕಾಲ್ಬೆರಳುಗಳನ್ನು ಕಣ್ಣಿಗೆ ಹತ್ತಿರ ತಂದು ನೋಡುತ್ತಿದ್ದಳು. "ಇವತ್ತ ಅಳ್ಳಾಡಿದ್ವು ನೋಡು. ನೋಡಿದಿಲ್ಲೋ?" ಎನ್ನುತ್ತಿದ್ದಳು. ಅವು ಅಲ್ಲಾಡಿರುತ್ತಿರಲಿಲ್ಲ. ನಾನು ಇಲ್ಲ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಹೂಂ ಎಂದರೆ ಬೆಲ್ಲದ ಚೂರು ಸಿಗುತ್ತಿತ್ತು. ನಾನು ಬೇಗನೆ ಹೂಂ ಎನ್ನುವುದನ್ನು ಕಲಿತೆ.

ಹೊರಗೆ ಹೊರಡುವಾಗ ಅವಳದೊಂದು ರೀತಿ ಇತ್ತು. ನನ್ನನ್ನು ಸೊಂಟಕ್ಕೆ ಏರಿಸಿ, ಸೆರಗನ್ನು ಹಿಂದಿನಿಂದ ಸುತ್ತಿ ತಂದು ನನ್ನ ಕಾಲುಗಳ ಮೇಲೆ ಹೊದಿಸಿ, ತುದಿಯನ್ನು ಮುಂದೆ ಸಿಕ್ಕಿಸುತ್ತಿದ್ದಳು. ನೋಡಿದವರಿಗೆ ನನ್ನ ಮುಖ, ಕೈ, ಕೈಯ ಬಳೆ ಕಾಣಬೇಕು. ಅದರ ಕೆಳಗಿನದು ಕಾಣಬಾರದು. ದಾರಿಯಲ್ಲಿ ಯಾರಾದರೂ "ಇಷ್ಟ ದೊಡ್ಡ ಹುಡುಗಿನ್ನ ಯಾಕ ಹೊತ್ತೀರಿ?" ಎಂದು ಕೇಳಿದರೆ, "ಮುದ್ದು ಮಾಡಿ ಕೆಡಸೇವ್ರಿ, ನೆಲಕ್ಕ ಕಾಲ ಇಡವೊಲ್ಲಳು" ಎಂದು ನಗುತ್ತಿದ್ದಳು. ನಗುವಾಗ ಅವಳ ಕೈ ನನ್ನ ಬೆನ್ನನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನ ತಂಗಿ, ನನ್ನ ಸೋದರತ್ತೆ, ಮದುವೆಯ ವಯಸ್ಸಿಗೆ ಬಂದಿದ್ದಳು. "ಮನಿತನದಾಗ ಕುಂಟು ಐತಿ ಅಂತ ಗೊತ್ತಾದ್ರ ನಮ್ಮ ಹೆಣ್ಣ ಯಾರು ಒಯ್ತಾರ?" ಇದನ್ನು ಆಯಿ ನನ್ನ ಎದುರಿಗೇ ಹೇಳುತ್ತಿದ್ದಳು. ನನ್ನ ಕಾಲು ಹೋಗಿದ್ದವು, ಕಿವಿ ಹೋಗಿರಲಿಲ್ಲ. ಅದು ಅವಳಿಗೆ ಹೊಳೆದಂತೆ ಕಾಣಲಿಲ್ಲ.

ನನಗೆ ನಾಲ್ಕು ತುಂಬಿದ ವರ್ಷ ಹಾನಗಲ್ಲಿನ ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದರು. ಈ ಕಾಲುಗಳಿಗೆ ಬಲ ಬರುವುದಿಲ್ಲ. ಸದಾ ಸೊಂಟದ ಮೇಲೆ ವಾರೆ ಕೂತು ಹುಡುಗಿಯ ಬೆನ್ನೂ ವಾರೆಯಾಗುತ್ತಿದೆ. ನೆಟ್ಟಗೆ ಕೂಡಿಸುವಂಥ ಒಂದು ನೂಕುಗಾಡಿ ತನ್ನಿ, ಶಾಲೆಗೆ ಹೋಗಲಿಕ್ಕೂ ಆಗುತ್ತದೆ ಎಂದರು. ಅಪ್ಪ ಭತ್ತದ ವ್ಯಾಪಾರಿ, ನಾಲ್ಕು ಊರು ತಿರುಗುವವನು. ಶಿಗ್ಗಾಂವಿಯಲ್ಲಿ ದೊಡ್ಡ ರಸ್ತೆಯ ಪಕ್ಕ, ವರ್ಗವಾಗಿ ಹೋಗುವ ಸಾಹೇಬರ ಮನೆಯ ಸಾಮಾನು ಕೊಂಡು ಮಾರುವ ಅಂಗಡಿಯೊಂದಿದೆ, ಅಲ್ಲಿ ಕೂಸಿನ ಗಾಡಿಗಳು ಬಂದಿವೆ ಎಂದು ಪತ್ತೆ ಹಚ್ಚಿಕೊಂಡು ಬಂದ. ನಾವು ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಯಿ ಪಕ್ಕದವರಿಗೆ, "ಬೀಗರ ಊರಿಗೆ ಹೊಂಟೇವ್ರಿ" ಎಂದು ಹೇಳುತ್ತಿದ್ದಳು.

ಅಂಗಡಿಯಲ್ಲಿ ಮುರುಕು ಕಪಾಟು, ಮಂಚಗಳ ನಡುವೆ ಎರಡು ಗಾಡಿಗಳಿದ್ದವು.

"ಬರ್ರಿ, ಕುಂತ್ಕೊರ್ರಿ" ಎಂದು ಅಂಗಡಿಯವನು ಎರಡನ್ನೂ ಎಳೆದು ಮುಂದೆ ತಂದ. "ಇದು ದೊಡ್ಡದು ನೋಡ್ರಿ, ಎಂಟ ವರ್ಷದ ಹುಡುಗ್ರ ತನಕಾ ನಡೀತೈತಿ. ಇದು ಸಣ್ಣ ಕೂಸಿಂದು."

ದೊಡ್ಡ ಗಾಡಿಗೆ ಬೆತ್ತದ ಬೆನ್ನಿತ್ತು, ಕಾಲಿಡಲು ಹಲಗೆ ಇತ್ತು, ಹಿಂದಿನ ಗಾಲಿಗಳಿಗೆ ಸೈಕಲ್ಲಿಗೆ ಇರುವಂಥ ಕಡ್ಡಿಗಳಿದ್ದವು. ಸಣ್ಣದಕ್ಕೆ ನೀಲಿ ಬಣ್ಣ. ಮೇಲೆ ಅರಿವೆಯ ಮುಸುಕು. ಅಪ್ಪ ನನ್ನನ್ನು ಆಯಿಯಿಂದ ಇಸಿದುಕೊಂಡು ದೊಡ್ಡದರಲ್ಲಿ ಕೂಡಿಸಿ, ಬಾಗಿಲವರೆಗೆ ನೂಕಿಕೊಂಡು ಹೋದ. ಬೆನ್ನಿಗೆ ಬೆತ್ತ ತಾಗಿತು. ಪಾದಗಳು ಹಲಗೆಯ ಮೇಲೆ ನಿಂತವು. ಎದುರಿಗೆ ಯಾರ ಹೆಗಲೂ ಅಡ್ಡವಿಲ್ಲದೆ ರಸ್ತೆ ಕಂಡಿತು. ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು; ನಾನು ಅದಕ್ಕೆ ಕೈ ಬೀಸಿದೆ. ಅಷ್ಟು ಖುಷಿ ನನಗೆ ಮತ್ತೆ ಬಹಳ ವರ್ಷ ಆಗಲಿಲ್ಲ.

"ಕೂಸಿಗೆ ಎಷ್ಟ ವರ್ಷ್ರಿ?" ಎಂದು ಅಂಗಡಿಯವನು ಕೇಳಿದ.

"ಎರಡು ತುಂಬಿ ಮೂರರಾಗ ನಡದೈತ್ರಿ" ಎಂದಳು ಆಯಿ.

"ನನಗ ನಾಕು" ಎಂದೆ ನಾನು.

ಆಯಿ ಬಂದು ನನ್ನ ಪಕ್ಕ ನಿಂತು ಅಂಗಿಯ ಅಂಚು ಸರಿಪಡಿಸುವವಳಂತೆ ಬಾಗಿ ತೊಡೆ ಚಿವುಟಿದಳು. ಕಾಲಿನಲ್ಲಿ ಬಲ ಇರಲಿಲ್ಲ, ನೋವು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ನಾನು ಬಾಯಿ ಮುಚ್ಚಿದೆ.

"ಅವ್ವಾ, ಇದ ಇರಲಿ" ಎಂದ ಅಪ್ಪ. "ಮುಂದ ಸಾಲಿಗೆ ಹೋಗಾಕೂ ಅಕ್ಕೈತಿ."

ಆಯಿ ಅವನನ್ನು ಅಂಗಡಿಯ ಮೂಲೆಗೆ ಕರೆದಳು. ನನಗೆ ಎಲ್ಲ ಕೇಳುತ್ತಿತ್ತು. "ತಮ್ಮಾ, ದೊಡ್ಡದು ಒಯ್ದ್ರ ಏನಂದಂಗಾತು? ಈಕಿ ಏಳಂಗಿಲ್ಲ ಅಂತ ನಾವ ನಮ್ಮ ಬಾಯಿಲೆ ಅಂದಂಗಾತು. ವರ್ಷದಾಗ ಎದ್ದ ನಿಂದ್ರತಾಳ. ಅಲ್ಲಿತನಕ ಸಣ್ಣದು ಸಾಕು. ಯಾರರ ನೋಡಿದ್ರೂ ಕೂಸಿನ ಗಾಡಿ ಅಂತಾರ, ಅಷ್ಟ."

ಪ್ಯಾಟೆಯಲ್ಲಿ ದಲಾಲರ ಜೊತೆ ಗಂಟಲು ಹರಿಯುವಂತೆ ಜಗಳವಾಡುವ ಅಪ್ಪನಿಗೆ ತನ್ನ ಅವ್ವನ ಎದುರು ಬಾಯಿ ಕಟ್ಟುತ್ತಿತ್ತು. ಅವನು ನನ್ನನ್ನು ಎತ್ತಿ ಆಯಿಗೆ ಕೊಟ್ಟ. ಬಸ್ಸಿನ ಮೇಲೆ ನೀಲಿ ಗಾಡಿಯನ್ನು ಹಗ್ಗ ಹಾಕಿ ಬಿಗಿದರು. ನಾನು ಹಾನಗಲ್ಲಿನವರೆಗೂ ಅತ್ತೆ. ಆಯಿ ನನ್ನ ಬಾಯಿಗೆ ಮಂಡಕ್ಕಿ ಹಾಕುತ್ತ, "ಸುಮ್ಮನಿರ ನಮ್ಮವ್ವ, ಬಣ್ಣ ಎಷ್ಟ ಚೆಂದೈತಿ ನೋಡು" ಎನ್ನುತ್ತಿದ್ದಳು.

ಆ ಗಾಡಿಯಲ್ಲಿ ಕೂತರೆ ನನ್ನ ಮೊಣಕಾಲು ಎದೆಗೆ ಬರುತ್ತಿತ್ತು. ಅದೂ ಪಡಸಾಲೆಯಲ್ಲಿ ಮಾತ್ರ, ತಲೆಬಾಗಿಲು ಹಾಕಿದ ಮೇಲೆ. ನನ್ನ ಅವ್ವ ಒಮ್ಮೆ, "ಪ್ಯಾಟಿತನಕ ಒಂದ ಸಲ ಒಯ್ಯಲೇನ್ರಿ ಅತ್ತಿ?" ಎಂದು ಕೇಳಿದಳು. "ಮನ್ಯಾಗಿನ ಹುಡುಗಿ ಲಗ್ನ ಒಂದು ಆಗಲಿ. ಆಮ್ಯಾಲ ಊರ ತುಂಬ ತಿರುಗಸು, ನಾ ಏನ ಬ್ಯಾಡ ಅನ್ನಂಗಿಲ್ಲ" ಎಂದಳು ಆಯಿ. ನಾನು ಸೋದರತ್ತೆಯ ಮದುವೆಗಾಗಿ ಅವಳಿಗಿಂತ ಹೆಚ್ಚು ಕಾದೆ.

ಸವಣೂರಿನಿಂದ ಹೆಣ್ಣು ನೋಡಲು ಬಂದ ದಿನ ಗಾಡಿ ಅಟ್ಟಕ್ಕೆ ಹೋಯಿತು. ಆಯಿ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಸೆರಗು ಹೊದಿಸಿ ಬಂದವರ ನಡುವೆಯೇ ಕೂತಳು. ಮರೆಯಲ್ಲಿಟ್ಟರೆ ಯಾರಾದರೂ ಹುಡುಕಿಯಾರು, ಮುಂದೆ ಇಟ್ಟರೆ ಯಾರೂ ನೋಡುವುದಿಲ್ಲ ಎನ್ನುವುದು ಅವಳ ಲೆಕ್ಕ. ವರನ ತಾಯಿ ಒಳ್ಳೆಯ ಹೆಂಗಸು. ತಾನು ತಂದ ಸವಣೂರಿನ ಖಾರದ ಪೊಟ್ಟಣ ಬಿಚ್ಚಿ ಕೈ ಚಾಚಿ, "ಬಾರವ್ವಾ, ನನ್ನ ಕಡೆ ಬಂದ ತಗೊ" ಎಂದು ಕರೆದಳು. ಆಯಿ ನನ್ನ ಕಾಲ ಮೇಲಿನ ಸೆರಗನ್ನು ಒತ್ತಿ ಹಿಡಿದಳು.

"ಒಲ್ಲಳ್ರೀ ಆಕಿ" ಎಂದಳು ಆಯಿ. "ಹೊಸಬರ್ನ ಕಂಡ್ರ ಭಾಳ ಅಂಜತಾಳ."

ನಾನು ಯಾರಿಗೂ ಅಂಜುವವಳಲ್ಲ. ಆದರೆ ಅಂಜಿದವಳಂತೆ ಮುಖ ಮುಚ್ಚಿಕೊಂಡೆ, ಮದುವೆ ಆಗಲಿ ಎಂದು. ಸಂಬಂಧ ಕೂಡಿತು. ಆ ವರ್ಷ ಆಗಬೇಕಿದ್ದ ಮದುವೆ ಬೀಗರ ಮನೆಯಲ್ಲೊಂದು ಸಾವಾಗಿ ಮುಂದೆ ಹೋಯಿತು. ಅಂತೂ ಸೋದರತ್ತೆ ಸವಣೂರಿಗೆ ಹೋಗುವ ಹೊತ್ತಿಗೆ ನನಗೆ ಆರು ನಡೆದಿತ್ತು. ನೀಲಿ ಗಾಡಿಯಲ್ಲಿ ನನ್ನನ್ನು ಕೂಡಿಸಲು ನೋಡಿದರು. ನಾನು ಅದರಲ್ಲಿ ಹಿಡಿಯಲಿಲ್ಲ.

ಶಾಲೆಗೆ ಹೆಸರು ಹಚ್ಚಿದ್ದರು. "ನಾ ಒಯ್ತೇನಿ ಬಿಡು" ಎಂದು ಆಯಿ ಮತ್ತೆ ಸೊಂಟಕ್ಕೇರಿಸಿದಳು. ನಿಂತು ನಿಂತು ಉಸಿರು ತಗೊಳ್ಳುತ್ತ, ಪ್ಯಾಟೆಯ ದಾರಿ ಬಿಟ್ಟು ಹಿತ್ತಲ ಸಂದಿಗಳಲ್ಲಿ ನನ್ನನ್ನು ಶಾಲೆಗೆ ಮುಟ್ಟಿಸಿ, ಬಿಡುವ ಹೊತ್ತಿಗೆ ಮತ್ತೆ ಬಂದು ನಿಂತಿರುತ್ತಿದ್ದಳು. ಮಳೆಗಾಲದಲ್ಲಿ ಒಂದು ದಿನ ಕೆಸರಿನಲ್ಲಿ ಜಾರಿದಳು. ನನಗೆ ಏಟು ಬೀಳದಂತೆ ತಾನೇ ಕೆಳಗೆ ಬಿದ್ದಳು. ಆಮೇಲೆ ಅವಳ ಬೆನ್ನು ನನ್ನನ್ನು ಅಷ್ಟು ದೂರ ಹೊರಲಿಲ್ಲ. ಅಪ್ಪ ಶಿಗ್ಗಾಂವಿಗೆ ಓಡಿದ. ಬೆತ್ತದ ಗಾಡಿಯನ್ನು ಯಾರೋ ಎಂದೋ ಒಯ್ದಿದ್ದರು. ಅಂಥದು ಮತ್ತೆ ಬಂದಿರಲಿಲ್ಲ. "ಹೆಣ್ಣ ಹುಡುಗಿ, ಸಾಲಿ ಕಲತ ಏನ ಮಾಡೂದೈತಿ" ಎಂದಳು ಆಯಿ. ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಓದು ಬರಹ ನನಗೆ ಹತ್ತಿದ್ದು ಆಮೇಲೆ, ಅಪ್ಪ ರಾತ್ರಿ ಊಟದ ಮುಂಚೆ ಹೇಳಿಕೊಟ್ಟಷ್ಟು, ಅವನು ತಂದ ಪುಸ್ತಕಗಳಿಂದ ನಾನೇ ಕಿತ್ತುಕೊಂಡಷ್ಟು. ಗೆಳತಿ ಎನ್ನುವವಳನ್ನು ಮಾತ್ರ ಪುಸ್ತಕದಿಂದ ಕಿತ್ತುಕೊಳ್ಳಲಿಕ್ಕೆ ಆಗಲಿಲ್ಲ.

ಸೋದರತ್ತೆ ಬಾಣಂತನಕ್ಕೆ ಬಂದಳು. ಗಂಡು ಹುಟ್ಟಿತು. ಕೂಸು ಎದ್ದು ಕೂಡುವಂತಾದಾಗ ಆಯಿ ಅಟ್ಟದಿಂದ ನೀಲಿ ಗಾಡಿ ಇಳಿಸಿದಳು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು, ಗಾಲಿಗೆ ಎಣ್ಣೆ ಬಿಟ್ಟಳು, ಅಡಿಯಲ್ಲಿ ಮಡಿಚಿದ ಕೌದಿ ಹಾಸಿ ಮೊಮ್ಮಗನನ್ನು ಕೂಡಿಸಿದಳು. ಸಂತೆಯ ದಿನ ಬೇರೆ. ತಲೆಬಾಗಿಲು ಪೂರ್ತಿ ತೆರೆದು ಪ್ಯಾಟೆಯ ನಟ್ಟನಡುವೆ ನೂಕಿಕೊಂಡು ಹೊರಟಳು. ಬೆನ್ನು ನೋವು ಅಂದು ಎಲ್ಲಿಗೆ ಹೋಗಿತ್ತೋ ಕಾಣೆ. ಅವ್ವ ನನ್ನನ್ನು ಕಿಟಕಿಯ ಕಟ್ಟೆಯ ಮೇಲೆ ಕೂಡಿಸಿದ್ದಳು. ತಿರುಗಿ ಬರುವಾಗ ಆಯಿಯ ಹಿಂದೆ ಓಣಿಯ ಹುಡುಗರ ದಂಡೇ ಇತ್ತು.

"ಎಲ್ಲಿ ತಂದೀರಿ ಆಯಿ, ಭಾರಿ ಐತಲ್ಲ!" ಎಂದು ಎದುರುಮನೆಯ ಹೆಂಗಸು ಕೇಳಿದಳು.

"ಶಿಗ್ಗಾಂವಿಗೆ ಹೋಗಿ ನಾನ ಆರಿಸಿ ತಂದೇನಿ" ಎಂದಳು ಆಯಿ. "ನೋಡ್ರಿ, ಹೇಳಿ ಮಾಡಿಸಿದಂಗ ಕುಂತಾನ!"

ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಎದ್ದು ಹೋದಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಮರುದಿನ ಎಣ್ಣೆ ಹಚ್ಚುವಾಗ ನಾನು ಕೇಳಿದೆ. "ನನ್ನ ಯಾಕ ಒಯ್ಯಲಿಲ್ಲ ಆಯಿ?"

ಅವಳ ಕೈ ನಿಲ್ಲಲಿಲ್ಲ. "ಅಂವ ನಾಳೆ ಎದ್ದ ಓಡಾಂವ. ಅಂವನ್ನ ಮಂದಿ ನೋಡಿದ್ರ ಏನ ಅಕ್ಕೈತಿ? ನಿನ್ನ ನೋಡಿದ್ರ 'ಅಯ್ಯೋ ಪಾಪ' ಅಂತಾರ. ಅದನ್ನ ಕೇಳಾಕ ನನ್ನ ಕಡಿಂದ ಆಗಂಗಿಲ್ಲ ನಮ್ಮವ್ವ."

ಅವಳು ಹಾಗೆ ಹೇಳಿದ್ದು ನಿಜವಾದ ಸಂಕಟದಿಂದ. ಕಣ್ಣಲ್ಲಿ ನೀರಿತ್ತು. ಆ ನೀರು ನನಗೆ ಇಂದಿಗೂ ಬೇಕಾಗಿಲ್ಲ. ಅಯ್ಯೋ ಪಾಪ ಎನ್ನಿಸಿಕೊಳ್ಳಬೇಕಾದವಳು ನಾನು. ಎನ್ನಿಸಿಕೊಂಡು ಪ್ಯಾಟೆ ನೋಡುತ್ತಿದ್ದೆ, ಶಾಲೆ ಓದುತ್ತಿದ್ದೆ. ಅವಳಿಗೆ ಕೇಳಲಿಕ್ಕೆ ಆಗುವುದಿಲ್ಲವೆಂದು ನಾನು ಗೋಡೆ ನೋಡುತ್ತ ಕೂತೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಇದೆ.

ಆಯಿ ಸತ್ತದ್ದು ನಾನು ದೊಡ್ಡವಳಾದ ಮೇಲೆ, ಅರವತ್ತರ ದಶಕ ಮುಗಿಯುತ್ತ ಬಂದಾಗ. ಬೆಳಿಗ್ಗೆ ನನಗೆ ಎಣ್ಣೆ ಹಚ್ಚಿ, ಬೆರಳು ನೋಡಿ, ಪೂಜೆಗೆ ಕೂತವಳು ಹಾಗೆಯೇ ಗೋಡೆಗೆ ಒರಗಿದ್ದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ. ಬಾಳೆಯ ಕಂಬ ಕಟ್ಟಿ, ಹೂ ಸುತ್ತಿ ವಿಮಾನ ಮಾಡಿದರು. ಇಳಕಲ್ಲ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಿಸಿ ಅದರಲ್ಲಿ ಕೂಡಿಸಿದರು. ಊರ ಮಂದಿಯೆಲ್ಲ ನೋಡಲೆಂದು ಪ್ಯಾಟೆಯ ದಾರಿಯಲ್ಲೇ ಒಯ್ಯಬೇಕೆಂದು ಹಿರಿಯರು ಹೇಳಿದರು. ಭಜನೆಯವರು ಮುಂದೆ ನಡೆದರು. ಅಪ್ಪ ಹೆಗಲು ಕೊಟ್ಟಿದ್ದ. ಅವ್ವ, ಸೋದರತ್ತೆ, ಓಣಿಯ ಹೆಂಗಸರು ಅಳುತ್ತ ಹಿಂದೆ ಹೋದರು.

ಆ ಗಡಿಬಿಡಿಯಲ್ಲಿ ನನ್ನನ್ನು ಕಿಟಕಿಗೆ ಕೂಡಿಸಲು ಯಾರಿಗೂ ನೆನಪಾಗಲಿಲ್ಲ. ನಾನು ಎಲ್ಲಿ ಕೂತಿದ್ದೇನೆ ಎನ್ನುವುದು ಎಂಥ ಹೊತ್ತಿನಲ್ಲೂ ನೆನಪಿರುತ್ತಿದ್ದುದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಅವಳನ್ನೇ ಹೊತ್ತುಕೊಂಡು ಹೋಗಿದ್ದರು. ನಾನು ಪಡಸಾಲೆಯ ನೆಲದ ಮೇಲೆ ಕೂತು, ಭಜನೆಯ ಸದ್ದು ಪ್ಯಾಟೆಯ ಕಡೆ ದೂರವಾಗುವುದನ್ನು ಕೇಳಿದೆ. ಅವಳು ಹೋಗುವುದನ್ನು ಊರೆಲ್ಲ ನೋಡಿತು. ನಾನು ನೋಡಲಿಲ್ಲ.