ಬಾವುಟ ಬೇಡವೆಂದು ಸಾರಿದವನು

ಹುಚ್ಚೀರಯ್ಯ ಮದ್ದೂರಿನ ಮಗ್ಗುಲ ಹಳ್ಳಿಯೊಂದರ ತೋಟಿ. ಸರ್ಕಾರದ ಮಾತನ್ನು ತಮಟೆ ಬಡಿದು ಊರಿಗೆ ಸಾರುವುದು ತಾತನ ಕಾಲದಿಂದ ಬಂದ ಕೆಲಸ. ಕಂದಾಯ ಕಟ್ಟಿ ಎಂದು ಸಾರಿದ್ದ, ಪ್ಲೇಗು ಬಂದಿದೆ ಊರು ಬಿಡಿ ಎಂದು ಸಾರಿದ್ದ. ಅದು ಯಾರ ಮಾತು ಎಂದು ಅವನೂ ಯೋಚಿಸಿರಲಿಲ್ಲ, ಊರೂ ಕೇಳಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗಿಷ್ಟು ರಾಗಿ ಬರುತ್ತಿತ್ತು.

ನಾಲೆಯ ನೀರು ಬಂದ ಮೇಲೆ ರಾಗಿಯ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದವು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಲುಸಾಲು ಗಾಡಿಗಳು ಹೊರಟವು. ಪಟೇಲ ಲಿಂಗಯ್ಯನವರ ಮನೆಗೆ ಮಂಗಳೂರು ಹೆಂಚು ಬಂತು. ಆದರೆ ಕಬ್ಬಿಗೆ ಕಣವಿಲ್ಲ. ಕಣವಿಲ್ಲದ ಮೇಲೆ ತೋಟಿಗೆ ಪಾಲೂ ಇಲ್ಲ. ಅವನ ಹೆಂಡತಿ ಮಹದೇವಮ್ಮ ಕಬ್ಬಿನ ತರಗು ಸುಲಿಯುವ ಕೂಲಿಗೆ ಹೋಗತೊಡಗಿದಳು.

ಮೂವತ್ತೆಂಟರ ಬೇಸಿಗೆಯಲ್ಲಿ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸುತ್ತಾರೆಂಬ ಸುದ್ದಿ ಹಬ್ಬಿತು. ಪಟೇಲರ ತಮ್ಮ ಸಿದ್ದರಾಮು ಮೈಸೂರಿನಲ್ಲಿ ಓದಿದವನು. ಖಾದಿ ತೊಟ್ಟು, ಊರ ಹುಡುಗರನ್ನು ಕಟ್ಟಿಕೊಂಡು ಹೊರಡುವುದರಲ್ಲಿದ್ದ. ಅದೇ ಹೊತ್ತಿಗೆ ಪಟೇಲರು ಹುಚ್ಚೀರಯ್ಯನನ್ನು ಕರೆಸಿದರು.

"ಲೇ ಉಚ್ಚೀರಾ, ಬಾವುಟ ಆರಿಸ್ಬಾರ್ದು, ಗುಂಪು ಸೇರ್ಬಾರ್ದು ಅಂತ ಸಾರ್ಬುಡು. ಮೇಲಿಂದ ಉಕುಂ ಬಂದದೆ."

"ಚಿಕ್ಕ ಬುದ್ದಿಯೋರೇ ಒಂಟವ್ರಲ್ಲ ಬುದ್ದೀ?"

"ಅದು ನಿಂಗ್ಯಾಕ್ಲಾ? ಸಾರೋದು ನಿನ್ ಕೆಲ್ಸ."

ಅಳುಕುತ್ತಲೇ ಹುಚ್ಚೀರಯ್ಯ ಸಾರುತ್ತ ಹೋದ. ಮಾರಿಗುಡಿಯ ಮುಂದೆ ಸಿದ್ದರಾಮು ಅಡ್ಡಗಟ್ಟಿದ.

"ನಾಚ್ಕೆ ಆಗಲ್ವೇನ್ಲಾ? ನಾವೆಲ್ಲ ಒಂದೇ ಅಂತ ಆರೋ ಬಾವುಟ ಕಣ್ಲಾ ಅದು!"

"ಬ್ಯಾಡಾ ಅಂದೋರು ನಿಮ್ಮಣ್ಣೋರು ಬುದ್ದೀ, ನಾನಲ್ಲ."

ಯಾರೋ ಕಿಸಕ್ಕನೆ ನಕ್ಕರು. ಸಿದ್ದರಾಮುವಿನ ಮುಖ ಕೆಂಪೇರಿತು. ಹಿಂದಿದ್ದ ಹುಡುಗನೊಬ್ಬ ತಮಟೆಯನ್ನು ಕಿತ್ತು ನೆಲಕ್ಕೆ ಹಾಕಿ ತುಳಿದ, ಚರ್ಮ ಹರಿಯಿತು. ಸಿದ್ದರಾಮು ಅವನನ್ನು ತಡೆಯಲಿಲ್ಲ.

ಹುಚ್ಚೀರಯ್ಯ ದೂರು ಒಯ್ದಾಗ ಪಟೇಲರು, "ಉಡುಗ್ ಬುದ್ದಿ ಕಣ್ಲಾ, ವಸಾ ಚರ್ಮ ಕಟ್ಕೋ ಓಗು" ಎಂದು ಎಲೆಯಡಿಕೆಗೆ ಕೈ ಹಾಕಿದರು. ದೇಶದ್ರೋಹಿಯ ಮನೆಯವರಿಗೆ ಕೆಲಸ ಕೊಡಬಾರದೆಂದು ಹುಡುಗರು ಕಟ್ಟು ಮಾಡಿದರು. ಮಹದೇವಮ್ಮನನ್ನು ಗದ್ದೆಯಿಂದ ವಾಪಸು ಕಳಿಸಿದರು.

"ಅಣ್ಣ ಸಾರು ಅಂತಾನೆ, ತಮ್ಮ ತಮಟೆ ಅರಿಸ್ತಾನೆ. ಇಬ್ರೂ ಒಂದೇ ಮನೇಲಿ ಉಣ್ತಾರೆ. ಅಸ್ಕೊಂಡಿರೋರು ನಾವು" ಎಂದಳು ಅವಳು. ಹುಚ್ಚೀರಯ್ಯ ಹರಿದ ತಮಟೆಗೆ ಹೊಸ ಚರ್ಮ ಬಿಗಿಯತೊಡಗಿದ.

ಶಿವಪುರದಲ್ಲಿ ಬಾವುಟ ಹಾರಿಸಹೋಗಿ ಜೈಲು ಸೇರಿದ್ದ ಸಿದ್ದರಾಮು ಬಿಡುಗಡೆಯಾಗಿ ಬಂದಾಗ ಊರೆಲ್ಲ ಮಾವಿನ ತೋರಣ. ಮೆರವಣಿಗೆಗೆ ತಮಟೆ ಬೇಕಿತ್ತು. ಅವನೇ ಊರಾಚೆ ಹುಚ್ಚೀರಯ್ಯನ ಕೇರಿಯ ಅಂಚಿಗೆ ಬಂದು ನಿಂತ. ಸೊರಗಿದ್ದ, ದನಿಯೂ ಮೆತ್ತಗಾಗಿತ್ತು.

"ಆಗಿದ್ದು ಆಗೋಯ್ತು ಉಚ್ಚೀರಯ್ಯ. ಬಾ, ಮುಂದೆ ನಿಂತು ಬಡಿ."

"ಮೆರವಣ್ಗೆ ಕೇರಿಗೂ ಬತ್ತದಾ ಬುದ್ದೀ?"

ಸಿದ್ದರಾಮು ತಿರುಗಿ ನೋಡಿದ. ಹಾರ ಹಿಡಿದು ನಿಂತಿದ್ದ ಹಿರಿಯರು ಎತ್ತಲೋ ನೋಡುತ್ತಿದ್ದರು. "ಇನ್ನೊಂದ್ಸಲ ನೋಡವ" ಎಂದ, ತಲೆ ತಗ್ಗಿಸಿ.

ಹೆಂಡತಿಗೆ ಮತ್ತೆ ಕೂಲಿ ಸಿಗಲಿ ಎಂದು ಹುಚ್ಚೀರಯ್ಯ ಹೋದ. ಮೈ ಬೆವರುವಂತೆ ಬಡಿದ. ಮಾರಿಗುಡಿಯ ತಿರುವಿನಲ್ಲಿ ಮೆರವಣಿಗೆ ಕೇರಿಯ ಹಾದಿ ಹಿಡಿಯದೆ ಹಿಂದಕ್ಕೆ ಹೊರಳಿತು. ಅವನ ಊಟವನ್ನು ಪಟೇಲರ ಕೊಟ್ಟಿಗೆಯ ಪಕ್ಕ ಎಲೆ ಹಾಕಿ ಬಡಿಸಿದರು. ಅರ್ಧಕ್ಕೇ ಎಲೆ ಮಡಚಿ ಎದ್ದುಬಂದ.

ಆ ವಾರವೇ ತೋಟಿಕೆಯನ್ನು ತನ್ನ ತಮ್ಮ ಮರಿಯಯ್ಯನಿಗೆ ಬಿಟ್ಟು, ಹೆಂಡತಿಯೊಡನೆ ಮಂಡ್ಯಕ್ಕೆ ನಡೆದ. ಕಾರ್ಖಾನೆಯ ಹತ್ತಿರ ಗಾಡಿಯಿಂದ ಕಬ್ಬು ಇಳಿಸುವ ಕೆಲಸ ಸಿಕ್ಕಿತು. ಅಲ್ಲಿ ಅವನ ಜಾತಿ ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಆದರೆ ಕಬ್ಬು ಅರೆಯುವುದು ನಿಂತಾಗ ಅವನು ಏನು ತಿನ್ನುತ್ತಾನೆ ಎಂದು ಕೇಳುವವರೂ ಇರಲಿಲ್ಲ. ಆ ತಿಂಗಳುಗಳಲ್ಲಿ ಗಂಡ ಹೆಂಡತಿ ಮಳವಳ್ಳಿ ರಸ್ತೆಯಲ್ಲಿ ಜಲ್ಲಿ ಒಡೆದರು.

ಮರುವರ್ಷ ಸಿದ್ದರಾಮು ಮಂಡ್ಯಕ್ಕೆ ಬಂದು, ಕಾರ್ಖಾನೆಯ ಮುಂದೆ ಕಬ್ಬಿಗೆ ಹೆಚ್ಚಿನ ಬೆಲೆ ಕೇಳಿ ಭಾಷಣ ಮಾಡಿದ. ಹೊರೆಯನ್ನು ತಲೆಯ ಮೇಲಿಟ್ಟುಕೊಂಡೇ ಹುಚ್ಚೀರಯ್ಯ ಹಿಂದೆ ನಿಂತು ಕೇಳಿದ. ಮಾತು ಚೆನ್ನಾಗಿತ್ತು. ಬೆಳೆಗಾರರ ಕಷ್ಟವಿತ್ತು, ದೇಶದ ಕಷ್ಟವಿತ್ತು. ಇನ್ನೇನು ಕೂಲಿಯವರ ಮಾತೂ ಬಂದೀತು ಎಂದು ಕಾದ. ಕುತ್ತಿಗೆ ನೋಯತೊಡಗಿತು. ಅದು ಬಾರದೆಯೇ ಭಾಷಣ ಮುಗಿದು, ಸಭೆ ಚಪ್ಪಾಳೆ ತಟ್ಟಿತು. ಹೊರೆ ಹಿಡಿದಿದ್ದ ಅವನ ಕೈಗಳು ಹಾಗೆಯೇ ಇದ್ದವು. ಮೇಸ್ತ್ರಿ ಕೂಗಿದಾಗ ಕಾರ್ಖಾನೆಯ ಅಂಗಳದ ಕಡೆಗೆ ಹೊರಟ.