ಜಿಪ್ಸಂ ಗೋಡೆಯ ಆಚೆಯಿಂದ

ಇಂಥ ಕಥೆಗಳನ್ನು ನಾನು ನಂಬುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು. ಬಾವಿಕಟ್ಟೆಯ ಹತ್ತಿರ ಬಿಳಿ ಸೀರೆ ಕಂಡೆ ಎಂದು ಯಾರಾದರೂ ಹೇಳಿದರೆ, ಅದನ್ನು ಒಣಹಾಕಿದ್ದು ಯಾರು ಎಂದು ಕೇಳಿ ನಗುತ್ತಿದ್ದೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ, ಸಿಗದಿದ್ದರೆ ಇನ್ನೊಂದು ಸಲ ಹುಡುಕಿ ಎಂದು ಮಕ್ಕಳಿಗೂ ಹೇಳುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಸಾಗರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದಕ್ಕೆ ನಾನು ಇವತ್ತಿಗೂ ಕಾರಣ ಹುಡುಕುತ್ತಿದ್ದೇನೆ.

ನಮ್ಮ ಅತ್ತೆ ನಿಟ್ಟೂರಿನಲ್ಲಿ ಮೈದುನನ ಮನೆಯಲ್ಲಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ, ಆಸ್ಪತ್ರೆಗೆ ಹತ್ತಿರವಾಗಲಿ ಎಂದು ನಮ್ಮಲ್ಲಿಗೆ ಕರೆತಂದೆವು. ನಮ್ಮದು ಮೊದಲ ಮಹಡಿಯ ಮನೆ, ಇದ್ದದ್ದು ಒಂದೇ ಮಲಗುವ ಕೋಣೆ. ದೊಡ್ಡದಾಗಿದ್ದ ನಡುಮನೆಯನ್ನೇ ಎರಡು ಮಾಡಿ ಅವರಿಗೊಂದು ಕೋಣೆ ಮಾಡುವುದೆಂದಾಯಿತು. ಇಟ್ಟಿಗೆ ಗೋಡೆ ಭಾರವಾಗುತ್ತದೆ, ಜಿಪ್ಸಂ ಬೋರ್ಡ್ ಹಾಕಿಸಿ ಎಂದರು ತಿಳಿದವರು. ಆನಂದಪುರದ ಶೇಖರ ಬಂದು ತಗಡಿನ ಚಾನೆಲ್‌ಗಳನ್ನು ಕಂಬದ ಹಾಗೆ ನಿಲ್ಲಿಸಿ, ಎರಡೂ ಕಡೆ ಬೋರ್ಡ್ ಹೊಡೆದು, ಸಂದುಗಳಿಗೆ ಟೇಪ್ ಅಂಟಿಸಿ ಪುಟ್ಟಿ ಎಳೆದ. ಮಳೆಗಾಲವಾದ್ದರಿಂದ ಆ ಪುಟ್ಟಿ ಒಣಗಿ ಉಜ್ಜುವ ಹದಕ್ಕೆ ಬರಲು ಮೂರು ದಿನ ಹಿಡಿಯಿತು.

ಈ ಗೋಡೆಗೆ ಎಲ್ಲೆಂದರಲ್ಲಿ ಮೊಳೆ ಹೊಡೆಯುವ ಹಾಗಿಲ್ಲ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು; ಪೊಳ್ಳಾಗಿರುವಲ್ಲಿ ಡಬ್ ಎನ್ನುತ್ತದೆ, ಒಳಗೆ ಚಾನೆಲ್ ಇರುವಲ್ಲಿ ಟಕ್ ಎನ್ನುತ್ತದೆ. ಶೇಖರ ಇದನ್ನು ನನಗೆ ತೋರಿಸುತ್ತಿದ್ದಾಗ ಅತ್ತೆ ಮಂಚದಲ್ಲಿ ಕೂತು ನೋಡುತ್ತಿದ್ದರು. ಮಾರನೆಯ ದಿನವೇ ಅವರು ತಮ್ಮ ತಲೆದಿಂಬಿನ ಹತ್ತಿರ ಚಾನೆಲ್ ಹುಡುಕಿಕೊಂಡಿದ್ದರು. ಎಲೆ-ಅಡಿಕೆಗೆ ಇಟ್ಟುಕೊಂಡಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿಯಿಂದ ಅಲ್ಲಿ ತಟ್ಟಿದರೆ ಮನೆಗೆಲ್ಲ ಕೇಳುತ್ತಿತ್ತು. ಎರಡು ಸಲ ತಟ್ಟಿದರೆ ನೀರು, ಮೂರು ಸಲ ತಟ್ಟಿದರೆ ಬಾ ಎಂದು ಅವರೇ ಕಾಯಿದೆ ಮಾಡಿದರು.

ನಾನು ಆಗ ಕೆಲಸ ಬಿಟ್ಟು ನಡುಮನೆಯಲ್ಲೇ ಹತ್ತನೇ ತರಗತಿಯವರಿಗೆ ಟ್ಯೂಷನ್ ಹೇಳುತ್ತಿದ್ದೆ. ಪಾಠ ಒಂದು ಹದಕ್ಕೆ ಬರುವ ಹೊತ್ತಿಗೆ ಟಕ್ ಟಕ್ ಟಕ್. ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಏನೋ ಆಯಿತೆಂದು ಓಡಿ ಹೋದರೆ, ಮಳೆ ನಿಂತಿತಾ ಎಂದೋ, ಕೆಳಗೆ ಬಂದವರು ಯಾರು ಎಂದೋ ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದು ಮುಖ, ಎರಡು ಮಾತು. ಅದು ನನಗೆ ಈಗ ತಿಳಿಯುತ್ತದೆ. ಆಗ ನನ್ನ ಮೂಗಿನ ತುದಿಯಲ್ಲೇ ಕೋಪ.

ತಟ್ಟಿ ತಟ್ಟಿ ಅವರ ಕಡೆಯ ಬೋರ್ಡಿನಲ್ಲಿ ಒಂದು ಗುಳಿ ಬಿತ್ತು. ರಿಪೇರಿಗೆ ಶೇಖರ ಬಂದಾಗ, ಹೇಗೂ ಬಿಚ್ಚುತ್ತೀಯಲ್ಲ, ಶಬ್ದ ಬರದ ಹಾಗೆ ಏನಾದರೂ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಒಳಗೆ ಗ್ಲಾಸ್‌ವೂಲ್ ಎಂದು ಹತ್ತಿಯ ಹಾಸಿಗೆಯಂಥದ್ದು ತುಂಬಿ, ನಮ್ಮ ಕಡೆಗೆ ಇನ್ನೊಂದು ಪದರ ಬೋರ್ಡ್ ಹೊಡೆಯಬಹುದು ಎಂದ. ಆಮೇಲೆ ದನಿ ತಗ್ಗಿಸಿದ.

“ಅಕ್ಕಾ, ಇದ್ ಹಾಕಿದ್ರೆ ಅಜ್ಜಿ ಕರ್ದಿದ್ದು ನಿಮ್ಗೆ ಕೇಳಲ್ಲ.”

“ಅದಕ್ಕೇ ಹಾಕ್ಸೋದು ಮಾರಾಯಾ,” ಎಂದೆ.

ಅತ್ತೆಗೆ ಮಾತ್ರ, ಗೋಡೆ ತಂಡಿ ಬಿಡುತ್ತದೆ, ನಿಮಗೆ ಬೆಚ್ಚಗಿರಲಿ ಎಂದು ಹಾಕಿಸುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ಅದನ್ನು ಪೂರ್ತಿ ನಂಬಿದರು. ನೋಡಲು ಬಂದ ನೆಂಟರಿಗೆಲ್ಲ, “ಸೊಸೆ ನಂಗೆ ಚಳಿ ಆಗ್ತದೆ ಅಂತ ಗೋಡೆಗೇ ಹಾಸಿಗೆ ಹಾಕ್ಸಿದಾಳೆ ನೋಡಿ,” ಎಂದು ಹೇಳಿಕೊಂಡರು. ನಾನು ಪಕ್ಕದಲ್ಲಿ ನಿಂತು ಕಾಫಿ ಕೊಡುತ್ತಿದ್ದೆ.

ಗೋಡೆ ಸುಮ್ಮನಾಯಿತು. ನಾನು ಗಂಟೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಅದರಲ್ಲಿ ತಪ್ಪಿಸಲಿಲ್ಲ. ಆದರೂ ಅವರು ತಟ್ಟುವುದನ್ನು ಬಿಟ್ಟಿರಲಿಲ್ಲವೆಂದು ಕಾಣುತ್ತದೆ, ಶೇಖರ ತೇಪೆ ಹಾಕಿ ನುಣ್ಣಗೆ ಮಾಡಿದ್ದ ಜಾಗದಲ್ಲೇ ಮತ್ತೆ ಸಣ್ಣ ಗುಳಿ ಬಿದ್ದಿತ್ತು. ಎಂತ ಮಾರಾಯ್ತಿ, ಕೇಳಲ್ವಾ ನಿಂಗೆ ಎಂದು ಒಮ್ಮೆ ಕೇಳಿದರು. ಮಕ್ಕಳ ಗಲಾಟೆ ಅತ್ತೆ ಎಂದೆ. ಅದನ್ನೂ ನಂಬಿದರು.

ಆ ದಿನ ಶನಿವಾರ. ಬೆಳಿಗ್ಗೆ ಅತ್ತೆ, ಸುಣ್ಣ ಒಣಗಿದೆ, ಸ್ವಲ್ಪ ನೀರು ಹಾಕಿ ಕಲಸಿ ಕೊಡು ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಊಟ ಮಾಡಿಸಿ ಮಲಗಿಸಿ ಬಂದೆ. ಎರಡು ಗಂಟೆಗೆ ಮಕ್ಕಳು ಬಂದರು. ಟೆಸ್ಟ್ ಕೊಟ್ಟಿದ್ದೆ, ಒಂಬತ್ತು ಮಕ್ಕಳೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಮನೆ ಸ್ತಬ್ಧವಾಗಿತ್ತು.

ಆಗ ಕೇಳಿಸಿತು. ಟಕ್ ಟಕ್ ಟಕ್. ಚಾನೆಲ್‌ನ ಮೇಲೆ ಹಿತ್ತಾಳೆ ಬಿದ್ದ ಸದ್ದು, ಹತ್ತಿ ತುಂಬುವ ಮೊದಲು ಕೇಳುತ್ತಿದ್ದಷ್ಟೇ ಸ್ಪಷ್ಟವಾಗಿ, ನನ್ನ ಕುರ್ಚಿಯ ಹಿಂದೆಯೇ. ಮಕ್ಕಳಲ್ಲಿ ಒಬ್ಬರೂ ತಲೆಯೆತ್ತಲಿಲ್ಲ.

ನಾನು ಅರ್ಧ ಎದ್ದೆ. ಎದ್ದವಳಿಗೆ ನನ್ನದೇ ವಿಜ್ಞಾನ ಅಡ್ಡ ಬಂತು. ಈ ಗೋಡೆಯಲ್ಲಿ ಎರಡು ಇಂಚು ಹತ್ತಿಯಿದೆ, ಮೇಲೆ ಎರಡು ಪದರ ಬೋರ್ಡಿದೆ, ಕೇಳಿಸಲು ಸಾಧ್ಯವೇ ಇಲ್ಲ. ಕೆಳಗಿನ ಮನೆಯವರು ಏನೋ ಕುಟ್ಟುತ್ತಿರಬೇಕು. ಹಾಗೆ ತೀರ್ಮಾನಿಸಿ ಮತ್ತೆ ಕೂತೆ. ಮಕ್ಕಳಿಂದ ಉತ್ತರಪತ್ರಿಕೆ ತೆಗೆದುಕೊಳ್ಳುವವರೆಗೂ, ಅಂದರೆ ಅರ್ಧ ಗಂಟೆಗೂ ಮೇಲೆ, ಏಳಲೇ ಇಲ್ಲ.

ಹೋಗಿ ನೋಡಿದರೆ ಅತ್ತೆ ಗೋಡೆಯ ಕಡೆಗೆ ಹೊರಳಿ ಮಲಗಿದ್ದರು. ಕೈ ಗೋಡೆಗೆ ತಾಗಿತ್ತು, ಅಂಗೈ ಖಾಲಿ. ಕರೆದರೆ ಓಗೊಡಲಿಲ್ಲ. ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ ಎಂದರು. ಎಷ್ಟು ಹೊತ್ತಾಗಿರಬಹುದು ಎಂದು ಕೇಳಿದೆ. ಇಪ್ಪತ್ತು ನಿಮಿಷವೂ ಇರಬಹುದು, ಒಂದು ಗಂಟೆಯೂ ಇರಬಹುದು, ಹೀಗೇ ಎಂದು ಹೇಳಲಾಗುವುದಿಲ್ಲ ಎಂದರು.

ಮಕ್ಕಳನ್ನು ಕಳಿಸಲು ನಡುಮನೆಗೆ ಬಂದಾಗ ಕಿಟಕಿಯ ಕಟ್ಟೆಯ ಮೇಲೆ ಸುಣ್ಣದ ಡಬ್ಬಿ ಕಂಡಿತು. ಬೆಳಿಗ್ಗೆ ಅಲ್ಲಿಟ್ಟವಳು ಕೊಡಲು ಮರೆತೇ ಬಿಟ್ಟಿದ್ದೆ. ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು, ಒಳಗೆ ಸುಣ್ಣ ಗಟ್ಟಿಯಾಗಿತ್ತು. ಅತ್ತೆಯ ಕೋಣೆಯಲ್ಲಿ ಹಿತ್ತಾಳೆಯ ಬೇರೆ ಸಾಮಾನು ಒಂದೂ ಇರಲಿಲ್ಲ.

ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮೇಲೆ ಶೇಖರನನ್ನು ಕರೆಸಿದೆ. ನಡೆದದ್ದನ್ನು ಹೇಳಲಿಲ್ಲ. ಡಬ್ಬಿ ಕೊಟ್ಟು, ಕೋಣೆಯೊಳಗೆ ಹೋಗಿ ಆ ಗುಳಿಯ ಮೇಲೆ ತಟ್ಟು ಎಂದೆ. ನನ್ನ ಕುರ್ಚಿಯಲ್ಲಿ ಕೂತು ಉಸಿರು ಬಿಗಿಹಿಡಿದು ಕಾದೆ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಹೊರಗೆ ಬಂದ.

“ಮೂರ್ ಸಲ ತಟ್ಟಿದ್ನಲ್ಲ ಅಕ್ಕಾ.”

ಇನ್ನೂ ಜೋರಾಗಿ ತಟ್ಟಲು ಹೇಳಿದೆ. ತಟ್ಟಿದನಂತೆ. ಕೊನೆಗೆ ಸುತ್ತಿಗೆಯ ಹಿಡಿಯಿಂದ ಹೊಡೆದಾಗ ಮಾತ್ರ ದೂರದಲ್ಲೆಲ್ಲೋ ಮೂಟೆ ಬಿದ್ದ ಹಾಗೆ ದೊಪ್ ಎಂದಿತು. ಅವತ್ತೇ ಬೋರ್ಡ್ ಬಿಚ್ಚಿಸಿ ಹತ್ತಿಯನ್ನೆಲ್ಲ ತೆಗೆಸಿದೆ. ಗುಳಿಗೆ ಪುಟ್ಟಿ ತುಂಬಲು ಹೋದವನನ್ನು ಬೇಡವೆಂದು ತಡೆದೆ.

ಕಿವಿಯ ಭ್ರಮೆ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಮನಸ್ಸಿನಲ್ಲಿದ್ದ ಅಳುಕೇ ಹಾಗೆ ಸದ್ದು ಮಾಡಿರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಅತ್ತೆಯೇ ಇರಲಿಲ್ಲ, ಅದೇ ನನ್ನ ಸಂಕಟ. ಡಬ್ಬಿಯೂ ಇಲ್ಲದೆ, ಅಷ್ಟು ದಪ್ಪದ ಗೋಡೆಯನ್ನು ದಾಟಿ ಆ ಸದ್ದು ಹೇಗೆ ಬಂತು ಎಂಬುದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ತಟ್ಟಿದಾಗ ಅವರು ಬದುಕಿದ್ದರೋ ಇಲ್ಲವೋ, ಅದೊಂದನ್ನು ಮಾತ್ರ ತಿಳಿಯಬಹುದಿತ್ತು. ಅರ್ಧ ಎದ್ದಿದ್ದೆನಲ್ಲ, ಪೂರ್ತಿ ಎದ್ದಿದ್ದರೆ ಸಾಕಿತ್ತು.